ದಿನಾ ಬ್ರಷ್ ಮಾಡಿದರೂ ನಮ್ಮ ಪೂಡಲ್‌ಗೆ ಗಂಟು ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 11 ತಿಂಗಳ ಟಾಯ್ ಪೂಡಲ್ (ಗುಂಗುರು ಕೂದಲಿನ ಪುಟ್ಟ ನಾಯಿ) ಇದೆ. ಹೆಸರು ಬೋಂಡಾ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ವಾಸ. ಎರಡು ತಿಂಗಳಿಗೊಮ್ಮೆ ಗ್ರೂಮರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಹೋದ ವಾರ ಬೆಳಿಗ್ಗೆ ಬಿಟ್ಟು ಬಂದು ಸಂಜೆ ಹೋಗಿ ನೋಡಿದರೆ ಗುರುತೇ ಸಿಗದ ಹಾಗೆ ಬೋಳಿಸಿಬಿಟ್ಟಿದ್ದರು. ಕೇಳಿದ್ದಕ್ಕೆ 'ಮೈ ತುಂಬಾ ಮ್ಯಾಟ್, ಅಂದರೆ ಗಂಟು, ಇತ್ತು ಮೇಡಂ, ಬೇರೆ ದಾರಿ ಇರಲಿಲ್ಲ' ಅಂದರು. ಬಿಲ್ 1,800 ರೂಪಾಯಿ. ನಾನು ದಿನಾ ತಪ್ಪದೆ ಬ್ರಷ್ ಮಾಡುತ್ತೇನೆ, ಹಾಗಿದ್ದ ಮೇಲೆ ಗಂಟು ಎಲ್ಲಿಂದ ಬಂತು? ನಮ್ಮ ಯಜಮಾನರು ಆನ್‌ಲೈನಲ್ಲಿ ಒಂದು ಟ್ರಿಮ್ಮರ್ ಕಿಟ್ ತರಿಸಿದ್ದಾರೆ, ಇನ್ನು ಮುಂದೆ ಎಲ್ಲಾ ಮನೆಯಲ್ಲೇ ಅಂತಾರೆ. ಆಗುತ್ತದಾ?

ಉತ್ತರ: ಆಗುತ್ತದೆ. ಟ್ರಿಮ್ಮರ್ ಹಿಡಿದು ಶುರು ಮಾಡಿದರೆ ಆಗುವುದಿಲ್ಲ, ಬಾಚಣಿಗೆ ಹಿಡಿದು ಶುರು ಮಾಡಿದರೆ ಆಗುತ್ತದೆ.

ಮೊದಲು ನಿಮ್ಮ ಸಿಟ್ಟಿನ ವಿಷಯ. ನಾನು 14 ವರ್ಷದಿಂದ ನಾಯಿಗಳ ಕೂದಲು ಕತ್ತರಿಸಿಯೇ ಊಟ ಮಾಡುತ್ತಿರುವವನು, ಹಾಗಾಗಿ ಸ್ವಲ್ಪ ನಮ್ಮವರ ಪರ ವಾಲಿದರೆ ಕ್ಷಮಿಸಿ. ನಿಮಗೊಂದು ಫೋನ್ ಮಾಡದೆ ಬೋಳಿಸಿದ್ದು ತಪ್ಪು. ಬೋಳಿಸಿದ್ದು ಬಹುಶಃ ತಪ್ಪಲ್ಲ. ನೀವು ದಿನಾ ಬ್ರಷ್ ಮಾಡಿದ್ದೂ ನಿಜ, ಅವರು ಹೇಳಿದ ಗಂಟೂ ನಿಜ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ, ನಾನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ.

ಪೂಡಲ್ ಕೂದಲು ಉದುರುವುದಿಲ್ಲ ಅಂತ ಹೇಳಿಯೇ ಮರಿ ಮಾರುತ್ತಾರೆ. ಅದು ಅರ್ಧ ಸತ್ಯ. ಉದುರುತ್ತದೆ. ಲ್ಯಾಬ್ರಡಾರ್ ಕೂದಲು ಉದುರಿದರೆ ಸೋಫಾ ಮೇಲೆ ಕಾಣುತ್ತದೆ, ನಿಮ್ಮ ಕಪ್ಪು ಪ್ಯಾಂಟ್ ಮೇಲೆ ಕಾಣುತ್ತದೆ. ಪೂಡಲ್ ಕೂದಲು ಬುಡ ಬಿಟ್ಟರೂ ಕೆಳಗೆ ಬೀಳುವುದಿಲ್ಲ, ಪಕ್ಕದ ಗುಂಗುರಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ. ಹೀಗೆ ಸತ್ತ ಕೂದಲೂ ಜೀವಂತ ಕೂದಲೂ ಹೆಣೆದುಕೊಂಡು, ಮೇಲೆ ಸ್ವಲ್ಪ ಧೂಳು, ಸ್ವಲ್ಪ ಜೊಲ್ಲು, ಬೆಲ್ಟ್ ಉಜ್ಜಿದ್ದು ಎಲ್ಲ ಸೇರಿ ಚರ್ಮದ ಹತ್ತಿರ ತೆಳ್ಳಗೆ ಕಂಬಳಿ ನೇಯ್ದ ಹಾಗೆ ಆಗುತ್ತದೆ. ನೀವು ಮೇಲಿನಿಂದ ಬ್ರಷ್ ಆಡಿಸಿದಾಗ ಮೇಲಿನ ಎರಡು ಸೆಂಟಿಮೀಟರ್ ಹತ್ತಿಯ ಹಾಗೆ ಅರಳುತ್ತದೆ, ನೋಡೋಕೆ ಚಂದ. ಕೆಳಗಿನ ಕಂಬಳಿ ಹಾಗೇ ಇರುತ್ತದೆ.

ಇನ್ನೊಂದು ಕಾರಣ ವಯಸ್ಸು. ಪೂಡಲ್‌ಗೆ ಹೆಚ್ಚುಕಡಿಮೆ ಒಂಬತ್ತು ತಿಂಗಳಿಂದ ಒಂದೂವರೆ ವರ್ಷದ ನಡುವೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಮರಿಗೂದಲು ಮೃದು, ಹೊಸದು ಒರಟು, ಗುಂಗುರು ಜಾಸ್ತಿ. ಎರಡೂ ಒಟ್ಟಿಗಿರುವ ಆ ಕೆಲವು ತಿಂಗಳು ಬೆಳಿಗ್ಗೆ ಬಿಡಿಸಿದ ಸಿಕ್ಕು ಸಂಜೆಗೆ ಮತ್ತೆ ಹಾಜರ್. ಬೋಂಡಾ ಈಗ ಸರಿಯಾಗಿ ಅದರ ಮಧ್ಯದಲ್ಲಿದ್ದಾನೆ. 'ಹೋದ ತಿಂಗಳವರೆಗೂ ಸರಿ ಇತ್ತು, ಈಗ ಏನಾಯ್ತು' ಅಂತ ಕೇಳುವ ಹೆಚ್ಚಿನವರ ನಾಯಿಯ ವಯಸ್ಸು ಕೇಳಿದರೆ ಹತ್ತು, ಹನ್ನೊಂದು ತಿಂಗಳು ಅಂತಲೇ ಉತ್ತರ ಬರುತ್ತದೆ.

ಸರಿ, ಈಗ ಮನೆಯಲ್ಲಿ ಮಾಡುವ ವಿಷಯ. ನಿಮಗೆ ಸಿಟ್ಟು ತರಿಸಿದ ಆ ಬೋಳು ಮೈಯೇ ನಿಮಗೆ ಸಿಕ್ಕಿದ ಅದೃಷ್ಟ. ಗಂಟೇ ಇಲ್ಲದ ನಾಯಿ ಮೇಲೆ ಕಲಿಯುವುದು ಸುಲಭ. ಕೂದಲು ಬೆಳೆಯುತ್ತಾ ಬಂದ ಹಾಗೆ ನಿಮ್ಮ ಕೈಯೂ ಪಳಗುತ್ತದೆ, ಅವನಿಗೂ ಅಭ್ಯಾಸ ಆಗುತ್ತದೆ.

ಎರಡು ವಸ್ತು ತಗೊಳ್ಳಿ. ಒಂದು ಸ್ಲಿಕರ್ ಬ್ರಷ್, ಬಗ್ಗಿದ ತೆಳು ತಂತಿಗಳಿರುವ ಚಪ್ಪಟೆ ಬ್ರಷ್. ಇನ್ನೊಂದು ಸ್ಟೀಲ್ ಬಾಚಣಿಗೆ, ಅರ್ಧ ಭಾಗ ಅಗಲ ಹಲ್ಲು, ಅರ್ಧ ಭಾಗ ಸಣ್ಣ ಹಲ್ಲು. ಬ್ರಷ್ ಕೆಲಸ ಮಾಡುತ್ತದೆ, ಬಾಚಣಿಗೆ ಲೆಕ್ಕ ನೋಡುತ್ತದೆ. ಬಾಚಣಿಗೆ ಚರ್ಮ ಮುಟ್ಟಿ, ಎಲ್ಲೂ ತಡೆಯದೆ ಹೊರಗೆ ಬಂದರೆ ಮಾತ್ರ ಆ ಜಾಗ ಮುಗಿಯಿತು ಅಂತ ಅರ್ಥ. ಬ್ರಷ್ ಕೊಟ್ಟ ಸರ್ಟಿಫಿಕೇಟ್ ನಂಬಬೇಡಿ. ಸ್ಲಿಕರ್ ತಂದ ಮೊದಲ ದಿನ ನಿಮ್ಮ ಮೊಣಕೈ ಒಳಭಾಗದಲ್ಲಿ ನಾಲ್ಕು ಸಲ ಎಳೆದು ನೋಡಿ. ಎಷ್ಟು ಒತ್ತಿದರೆ ಉರಿಯುತ್ತದೆ ಅಂತ ಗೊತ್ತಾಗಲಿ. ಒಂದೇ ಜಾಗ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿಸಿಕೊಂಡು ಬರುವವರು ಬಹಳ ಜನ.

ವಿಧಾನ ನಿಮಗೆ ಹೊಸದೇನಲ್ಲ. ಚಿಕ್ಕವರಿದ್ದಾಗ ಅಮ್ಮ ನಿಮಗೆ ಬೈತಲೆ ತೆಗೆದು ತಲೆ ಬಾಚುತ್ತಿದ್ದರಲ್ಲ, ಅದೇ. ಕಾಲಿನ ಕೆಳಗಿನಿಂದ ಶುರು. ಎಡಗೈಯಲ್ಲಿ ಮೇಲಿನ ಕೂದಲನ್ನೆಲ್ಲ ಎತ್ತಿ ಹಿಡಿದು ಚರ್ಮದ ಗೆರೆ ಕಾಣುವ ಹಾಗೆ ಬೈತಲೆ ತೆಗೆಯಿರಿ, ಕೆಳಗೆ ಉಳಿದ ಒಂದು ಸಾಲನ್ನು ಮಾತ್ರ ಬ್ರಷ್ ಮಾಡಿ, ಬಾಚಿ, ಆಮೇಲೆ ಅದರ ಮೇಲಿನ ಒಂದು ಬೆರಳಿನಷ್ಟು ಕೂದಲು ಕೆಳಗೆ ಬಿಟ್ಟು ಮತ್ತೆ ಅದೇ. ಹೀಗೆ ಸಾಲು ಸಾಲಾಗಿ ಬೆನ್ನಿನವರೆಗೆ. ಒಣ ಕೂದಲಿನ ಮೇಲೆ ಮಾಡಬೇಡಿ, ತುಂಡಾಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಸ್ವಲ್ಪವೇ ಸ್ವಲ್ಪ ನಾಯಿ ಕಂಡೀಷನರ್ ಹಾಕಿ ಮಂಜಿನ ಹಾಗೆ ಹೊಡೆದುಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಪ್ರತಿ ಎರಡನೇ ಮನೆಯವರು ಕೇಳುತ್ತಾರೆ. ಹಚ್ಚಬೇಡಿ. ಧೂಳು ಅಂಟಿ ಗಂಟು ಇನ್ನೂ ಜಾಸ್ತಿ ಆಗುತ್ತದೆ, ಉಳಿದದ್ದನ್ನು ಅವನು ನೆಕ್ಕಿ ಮುಗಿಸುತ್ತಾನೆ.

ಬೆನ್ನು ಯಾವತ್ತೂ ಸಮಸ್ಯೆ ಅಲ್ಲ, ಎಲ್ಲರೂ ಅದನ್ನೇ ಬಾಚುತ್ತಾರೆ. ಗಂಟು ಇರುವುದು ಕಿವಿಯ ಹಿಂದೆ, ಕುತ್ತಿಗೆ ಬೆಲ್ಟಿನ ಕೆಳಗೆ, ಮುಂಗಾಲಿನ ಕಂಕುಳಲ್ಲಿ, ತೊಡೆ ಸಂದಿಯಲ್ಲಿ, ಬಾಲದ ಬುಡದಲ್ಲಿ, ಬೆರಳುಗಳ ನಡುವೆ. ಸಮಯ ಇಲ್ಲದ ದಿನ ಈ ಆರು ಜಾಗ ಮಾತ್ರ ಮಾಡಿ, ಬೆನ್ನು ಬಿಟ್ಟುಬಿಡಿ. ಹಾರ್ನೆಸ್ (ಎದೆಗೆ ಸುತ್ತುವ ಪಟ್ಟಿ) ಹಾಕುವವರಾದರೆ ಮನೆಗೆ ಬಂದ ತಕ್ಷಣ ಬಿಚ್ಚಿ. ಇಡೀ ದಿನ ಹಾಕಿಟ್ಟರೆ ಕಂಕುಳಲ್ಲಿ ಕಂಬಳಿ ಗ್ಯಾರಂಟಿ.

ಸಣ್ಣ ಗಂಟು ಸಿಕ್ಕಿದರೆ ಎಳೆಯಬೇಡಿ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಎರಡು, ನಾಲ್ಕು ಭಾಗ ಮಾಡಿ, ಬುಡದಲ್ಲಿ ಗಟ್ಟಿಯಾಗಿ ಹಿಡಿದುಕೊಂಡು (ಚರ್ಮ ಎಳೆಯಬಾರದು ಅಂತ) ತುದಿಯಿಂದ ಬಿಡಿಸುತ್ತಾ ಬನ್ನಿ. ಐದು ನಿಮಿಷದಲ್ಲಿ ಬಿಡಲಿಲ್ಲ ಅಂದರೆ ಅದನ್ನು ತೆಗೆಯಲೇಬೇಕು, ನಾಯಿಗೆ ನೋಯಿಸುವುದಕ್ಕಿಂತ ಅಲ್ಲೊಂದು ಬೋಳು ಜಾಗ ಇರಲಿ. ಆದರೆ ಕತ್ತರಿಯಲ್ಲಿ ಮಾತ್ರ ಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಈ ಕೆಲಸಕ್ಕೆ ಬಂದ ಮೊದಲ ವರ್ಷ ನಮ್ಮದೇ ಮನೆಯ ನಾಯಿಯ ಕಂಕುಳ ಗಂಟನ್ನು ಕತ್ತರಿಯಲ್ಲಿ ತೆಗೆಯೋಕೆ ಹೋದೆ. ಗಂಟು ಚರ್ಮವನ್ನು ಒಳಗೆ ಎಳೆದುಕೊಂಡು ಡೇರೆಯ ಹಾಗೆ ಎತ್ತಿಟ್ಟಿರುತ್ತದೆ, ಎಲ್ಲಿ ಕೂದಲು ಮುಗಿದು ಎಲ್ಲಿ ಚರ್ಮ ಶುರು ಅಂತ ಕಣ್ಣಿಗೆ ಕಾಣುವುದಿಲ್ಲ. ಕತ್ತರಿಸಿದ್ದು ಚರ್ಮ. ಅವಳು ಕೂಗಲೂ ಇಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಮೂರು ಹೊಲಿಗೆ ಬಿತ್ತು. ಗಂಟನ್ನು ಕ್ಲಿಪ್ಪರ್‌ನಲ್ಲೇ (ಕೂದಲು ಕತ್ತರಿಸುವ ಮೋಟಾರ್ ಯಂತ್ರ) ತೆಗೆಯಿರಿ, ಬ್ಲೇಡ್ ಚರ್ಮಕ್ಕೆ ಚಪ್ಪಟೆಯಾಗಿ ಮಲಗಿರಲಿ, ಗಂಟಿನ ಕೆಳಗೆ ನಿಧಾನವಾಗಿ ನುಸುಳಲಿ.

ಸ್ನಾನ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಗಂಟು ಇದೆ, ಸ್ನಾನ ಮಾಡಿಸಿದರೆ ಮೆತ್ತಗಾಗಿ ಬಿಡುತ್ತದೆ ಅಂತ ಅಂದುಕೊಳ್ಳುತ್ತಾರೆ. ಉಲ್ಟಾ ಆಗುತ್ತದೆ. ಉಣ್ಣೆ ಸ್ವೆಟರ್ ಬಿಸಿನೀರಲ್ಲಿ ಒಗೆದರೆ ಏನಾಗುತ್ತದೆ ಗೊತ್ತಲ್ವಾ? ಒದ್ದೆಯಾಗಿ ಒಣಗಿದ ಗಂಟು ಕುಗ್ಗಿ ಕಲ್ಲಾಗುತ್ತದೆ, ಒಳಗೆ ಸೋಪು ಉಳಿದು ತುರಿಕೆ ಶುರುವಾಗುತ್ತದೆ. ಹಾಗಾಗಿ ಬಾಚಣಿಗೆ ಪೂರ್ತಿ ಓಡಿದ ಮೇಲೆಯೇ ನೀರು. ಮೂರು, ನಾಲ್ಕು ವಾರಕ್ಕೊಮ್ಮೆ ಸಾಕು. ನಿಮ್ಮ ಶಾಂಪೂ, ಮಗುವಿನ ಶಾಂಪೂ ಬೇಡ, ನಾಯಿ ಚರ್ಮ ನಮ್ಮದರಷ್ಟು ಆಮ್ಲೀಯ ಅಲ್ಲ, ಅದಕ್ಕೆಂದೇ ಮಾಡಿದ್ದು ತನ್ನಿ. ಸೀಗೆಪುಡಿ, ಅಂಟುವಾಳ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ನಿಮಗೇ ನೆನಪಿರಬೇಕು. ಟೀ ಟ್ರೀ ಎಣ್ಣೆ ಅಂತೂ ನಾಯಿಗೆ ವಿಷ, 'ನೈಸರ್ಗಿಕ' ಅಂತ ಬರೆದಿದ್ದರೂ ಹಚ್ಚಬೇಡಿ. ಬೆನ್ನಿಗೆ ಹಾಕುವ ಉಣ್ಣೆ ಹುಳದ ಔಷಧಿ ಬಳಸುತ್ತಿದ್ದರೆ, ಅದರ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ.

ಒಣಗಿಸುವುದು ಸ್ನಾನಕ್ಕಿಂತ ಮುಖ್ಯ, ಅದೇ ಎಲ್ಲರಿಗೂ ಬೇಸರ. ಗುಂಗುರು ಕೂದಲು ಗಾಳಿಗೆ ತಾನಾಗಿ ಒಣಗಿದರೆ ಸ್ಪ್ರಿಂಗಿನ ಹಾಗೆ ಸುರುಳಿ ಕಟ್ಟುತ್ತದೆ, ಮರುದಿನವೇ ಸಿಕ್ಕು. ಅದರ ಮೇಲೆ ಕ್ಲಿಪ್ಪರ್ ಆಡಿಸಿದರೆ ಒಂದು ಕಡೆ ಹಳ್ಳ, ಒಂದು ಕಡೆ ದಿಬ್ಬ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಹಿಂಡಿ. ನಿಮ್ಮ ಹೇರ್ ಡ್ರೈಯರ್ ಸಾಕು, ಆದರೆ ಬೆಚ್ಚಗೆ ಅಥವಾ ತಣ್ಣಗೆ ಮಾತ್ರ, ಒಂದು ಅಡಿ ದೂರ, ನಿಮ್ಮ ಇನ್ನೊಂದು ಕೈ ಅದೇ ಗಾಳಿಯಲ್ಲಿರಲಿ. ಗಾಳಿ ಬಿದ್ದ ಜಾಗವನ್ನು ಆಗಲೇ ಸ್ಲಿಕರ್‌ನಿಂದ ನೇರ ಮಾಡುತ್ತಾ ಹೋಗಿ. ಬುಡ ಒಣಗಿತಾ ಅಂತ ಬೆರಳು ಇಟ್ಟು ನೋಡಿ. ಮಳೆಗಾಲದಲ್ಲಿ ಬುಡದಲ್ಲಿ ತೇವ ಉಳಿದರೆ ವಾಸನೆ, ಫಂಗಸ್, ಆಮೇಲೆ ಡಾಕ್ಟರ್.

ಈಗ ಯಜಮಾನರ ಕಿಟ್‌ಗೆ ಬರೋಣ. ಅದು ಗಡ್ಡದ ಟ್ರಿಮ್ಮರ್‌ನ ಅಣ್ಣನೋ ತಮ್ಮನೋ ಆಗಿದ್ದರೆ ಪಾದಕ್ಕೆ, ಹೊಟ್ಟೆಯ ಕೆಳಭಾಗಕ್ಕೆ ಇಟ್ಟುಕೊಳ್ಳಿ. ಪೂರ್ತಿ ಮೈಗೆ ಅದರ ಮೋಟಾರ್ ಸಾಲದು. ಕೂದಲು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತದೆ, ನಾಯಿ ಒಂದು ಸಲ ಎಳೆತ ತಿಂದರೆ ಆ ಶಬ್ದಕ್ಕೇ ಆರು ತಿಂಗಳು ಹೆದರುತ್ತದೆ. ಬ್ಲೇಡ್ ಬದಲಾಯಿಸಬಹುದಾದ ಕ್ಲಿಪ್ಪರ್ ತಗೊಳ್ಳಿ, ವಾಲ್, ಆಂಡಿಸ್ ಮುಂತಾದವರು ಮಾಡುತ್ತಾರೆ. ದುಬಾರಿ, ನಿಜ. ನಿಮ್ಮ ಬಿಲ್ಲಿನ ಲೆಕ್ಕದಲ್ಲಿ ಕೆಲವೇ ಸಲದಲ್ಲಿ ಹಣ ವಾಪಸ್.

ಬ್ಲೇಡ್ ನಂಬರ್ ಉಲ್ಟಾ ಓಡುತ್ತದೆ, ನಂಬರ್ ದೊಡ್ಡದಾದಷ್ಟು ಕೂದಲು ಗಿಡ್ಡ. 10 ಹಾಕಿದರೆ ಒಂದೂವರೆ ಮಿ.ಮೀ. ಉಳಿಯುತ್ತದೆ. 7ಎಫ್ ಹಾಕಿದರೆ ಸುಮಾರು 3, 5ಎಫ್‌ನಲ್ಲಿ 6, 4ಎಫ್‌ನಲ್ಲಿ 9 ಚಿಲ್ಲರೆ. ಬೋಂಡಾನಿಗೆ 7ಎಫ್ ಅಥವಾ 10 ಹಾಕಿರಬೇಕು. ಮನೆಯಲ್ಲಿ ಕಲಿಯುವವರು 10 ಮತ್ತು 5ಎಫ್ ಇಟ್ಟುಕೊಂಡರೆ ಸಾಕು. ಎಫ್ ಇಲ್ಲದ ಬರೀ 5, ಬರೀ 7 ಕೊಳ್ಳಬೇಡಿ. ಅದರ ಹಲ್ಲುಗಳು ಒಂದು ಉದ್ದ ಒಂದು ಗಿಡ್ಡ ಇರುತ್ತವೆ, ಸಡಿಲ ಚರ್ಮ ನಡುವೆ ಸಿಕ್ಕಿ ಸೀಳುತ್ತದೆ. ಕೂದಲು ಇನ್ನೂ ಉದ್ದ ಬೇಕಾದರೆ ಬ್ಲೇಡ್ ಮೇಲೆ ಪ್ಲಾಸ್ಟಿಕ್ ಗಾರ್ಡ್ ಸಿಕ್ಕಿಸಬಹುದು, ಆದರೆ ಅದು ಬಾಚಣಿಗೆ ಸರಾಗ ಓಡುವ ಕೂದಲಲ್ಲಿ ಮಾತ್ರ ಓಡುತ್ತದೆ. ಸುತ್ತಿ ಸುತ್ತಿ ಮತ್ತೆ ಬಾಚಣಿಗೆಗೇ ಬಂದೆವು ನೋಡಿ.

ಬ್ಲೇಡ್ ಓಡುತ್ತಾ ಕಾಯುತ್ತದೆ. ಎರಡು, ಮೂರು ನಿಮಿಷಕ್ಕೊಮ್ಮೆ ನಿಮ್ಮ ಮಣಿಕಟ್ಟಿನ ಒಳಗೆ ಮುಟ್ಟಿಸಿ ನೋಡಿ. ಬಿಸಿ ಅನ್ನಿಸಿದರೆ ಆಫ್ ಮಾಡಿ, ಸ್ಟೀಲ್ ತಟ್ಟೆ ಮೇಲೆ ಇಡಿ, ಆರಲಿ. ಹೊಟ್ಟೆ ಮೇಲೆ ಬಿಸಿ ಬ್ಲೇಡ್ ತಾಗಿದರೆ ಆ ಕ್ಷಣ ಏನೂ ಕಾಣುವುದಿಲ್ಲ, ರಾತ್ರಿ ನೆಕ್ಕಿ ನೆಕ್ಕಿ ಬೆಳಿಗ್ಗೆ ಹುಣ್ಣು. ಕೂದಲು ಮಲಗಿದ ದಿಕ್ಕಿನಲ್ಲೇ ಓಡಿಸಿ, ಚರ್ಮ ಬಿಗಿಯಾಗಿ ಹಿಡಿದುಕೊಳ್ಳಿ. ಹಿಂಗಾಲು ಮತ್ತು ಹೊಟ್ಟೆ ಸೇರುವಲ್ಲಿ ತೆಳ್ಳಗಿನ ಚರ್ಮದ ಪದರ ಇದೆ, ಕಿವಿಯ ಅಂಚು ಇದೆ, ಕಂಕುಳಿದೆ. ಕೆಲಸಕ್ಕೆ ಮೊದಲು ಕಣ್ಣು ಮುಚ್ಚಿ ಬೆರಳಲ್ಲಿ ಈ ಮೂರನ್ನೂ ಹುಡುಕಿ ಗುರುತು ಮಾಡಿಕೊಳ್ಳಿ.

ಕಿವಿ ಬಗ್ಗೆ ಒಂದು ಮಾತು, ಯಾರೂ ಹೇಳುವುದಿಲ್ಲ. ಗಂಟು ಕಟ್ಟಿದ ಕಿವಿಯನ್ನು ಬೋಳಿಸಿದ ಮೇಲೆ ನಾಯಿ ತಲೆ ಜೋರಾಗಿ ಒದರುತ್ತಲೇ ಇರುತ್ತದೆ. ಅಷ್ಟು ದಿನ ಬಿಗಿದಿದ್ದ ಕಿವಿಗೆ ರಕ್ತ ನುಗ್ಗುತ್ತದೆ, ಒದರಿದಾಗ ಒಳಗೆ ನಾಳ ಒಡೆದು ಕಿವಿ ಮೆತ್ತನೆ ಬೋಂಡಾದ ಹಾಗೆ ಊದುವುದುಂಟು (ನಿಮ್ಮವನ ಹೆಸರಿಗೆ ಅಂದಿದ್ದಲ್ಲ). ಬೋಳಿಸಿ ಒಂದು ವಾರ ಆಗಿದೆ, ಇವತ್ತೇ ಕಿವಿ ಮುಟ್ಟಿ ನೋಡಿ. ಊದಿದ್ದರೆ ವೆಟ್ ಹತ್ತಿರ ಹೋಗಿ. ಕಿವಿ ಒಳಗಿನ ಕೂದಲು ಕೀಳುವುದು ಹಿಂದೆ ಕಡ್ಡಾಯದ ಹಾಗಿತ್ತು, ನಾನೂ ನೂರಾರು ಕಿವಿ ಕಿತ್ತಿದ್ದೇನೆ. ಈಗ ಸೋಂಕು ಇಲ್ಲದ ಕಿವಿಯನ್ನು ಅದರ ಪಾಡಿಗೆ ಬಿಡುತ್ತೇನೆ, ಕಿತ್ತ ಜಾಗವೇ ಉರಿದು ಸೋಂಕಾಗುವುದನ್ನು ನೋಡಿದ ಮೇಲೆ. ಇಯರ್‌ಬಡ್ ಒಳಗೆ ಹಾಕಲೇಬೇಡಿ. ಗುದದ ಗ್ರಂಥಿ ಹಿಂಡುವುದೂ ಅಷ್ಟೇ, ತೊಂದರೆ ಇಲ್ಲದಿದ್ದರೆ ಮುಟ್ಟಬೇಡಿ.

ಪಾದದ ಅಡಿ ಕೂದಲು ಮಾತ್ರ ಬಿಡಬೇಡಿ. ನಮ್ಮ ಮನೆಗಳಲ್ಲಿ ಗ್ರಾನೈಟ್, ವಿಟ್ರಿಫೈಡ್ ನೆಲ. ಅಡಿಯಲ್ಲಿ ಕೂದಲು ಬೆಳೆದ ನಾಯಿ ಸಾಕ್ಸ್ ಹಾಕಿಕೊಂಡು ಓಡುವ ಮಗುವಿನ ಹಾಗೆ ಜಾರುತ್ತದೆ, ಟಾಯ್ ಪೂಡಲ್‌ನ ಮೊಣಕಾಲು ಮೊದಲೇ ಸಡಿಲ. 10ನೇ ಬ್ಲೇಡ್‌ನಲ್ಲಿ ಅಡಿಯ ಮಟ್ಟಕ್ಕೆ ಸವರಿ. ಬೆರಳ ಸಂದಿ ಬಿಡಿಸಿ ಉಣ್ಣೆ ಹುಳ ಇದೆಯಾ ನೋಡಿ, ಉತ್ತರಾಣಿ ಬೀಜ ಸಿಕ್ಕಿದೆಯಾ ನೋಡಿ. ರಜೆಗೆ ಮಲೆನಾಡಿನ ಕಡೆ ಕರೆದುಕೊಂಡು ಹೋಗುವವರಾದರೆ ಉಂಬಳವನ್ನೂ ಸೇರಿಸಿಕೊಳ್ಳಿ. ಗುಂಗುರು ಕೂದಲಲ್ಲಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗಬೇಕು.

ಉಗುರು ಸ್ವಲ್ಪ ಸ್ವಲ್ಪವೇ. ಕಪ್ಪು ಉಗುರಾದರೆ ಕತ್ತರಿಸಿದ ಮುಖದ ಮಧ್ಯೆ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡ ಕೂಡಲೇ ನಿಲ್ಲಿಸಿ. ರಕ್ತ ಬಂದರೆ ಗಾಬರಿ ಬೇಡ, ಕಾರ್ನ್‌ಫ್ಲೋರ್ ಒತ್ತಿ ಎರಡು, ಮೂರು ನಿಮಿಷ ಹಿಡಿಯಿರಿ.

ಮುಖಕ್ಕೆ ಕತ್ತರಿ, ಅದೂ ತುದಿ ಗುಂಡಗಿರುವ ಸಣ್ಣದು. ಒಂದು ಕೈಯಲ್ಲಿ ಗದ್ದದ ಕೂದಲು ಹಿಡಿದುಕೊಂಡರೆ ತಲೆ ಅಲುಗುವುದಿಲ್ಲ. ಕತ್ತರಿಯ ಮೂತಿ ಯಾವತ್ತೂ ಕಣ್ಣಿನ ಕಡೆ ಇರಬಾರದು, ಮೂಗಿನ ಗೆರೆಗೆ ಸಮನಾಗಿ ಇರಲಿ. ಎಲ್ಲರೂ ಕೇಳುವ ಆ ಟೆಡ್ಡಿ ಮುಖ ಮೊದಲ ಸಲಕ್ಕೆ ಬರುವುದಿಲ್ಲ. ಹತ್ತನೇ ಸಲಕ್ಕೂ ಕಷ್ಟವೇ.

ಇದೆಲ್ಲ ಒಂದೇ ಭಾನುವಾರ ಮಾಡೋಕೆ ಹೋಗಬೇಡಿ. ವಾಷಿಂಗ್ ಮಷಿನ್ ಮೇಲೆ ಹಳೆ ಯೋಗ ಮ್ಯಾಟ್ ಹಾಸಿದರೆ ಟೇಬಲ್ ರೆಡಿ, ಆದರೆ ಒಂದು ಕೈ ಸದಾ ಅವನ ಮೇಲೆ ಇರಬೇಕು, ಟಾಯ್ ಪೂಡಲ್ ಕಾಲು ಪೆನ್ಸಿಲ್ ಇದ್ದ ಹಾಗೆ, ಹಾರಿದರೆ ಮುರಿಯುತ್ತದೆ. ಮೊದಲ ವಾರ ಅವನು ಊಟ ಮಾಡುವಾಗ ಕ್ಲಿಪ್ಪರ್ ಆನ್ ಮಾಡಿ ದೂರದಲ್ಲಿ ಇಡಿ, ಅಷ್ಟೇ. ಎರಡನೇ ವಾರ ಆಫ್ ಮಾಡಿದ ಕ್ಲಿಪ್ಪರ್ ಮೈಗೆ ಮುಟ್ಟಿಸಿ ಒಂದು ತುಂಡು ಚಿಕನ್, ಸಸ್ಯಾಹಾರಿಗಳಾದರೆ ಪನೀರ್. ಆಮೇಲೆ ಆನ್ ಮಾಡಿ, ಬ್ಲೇಡ್ ಇಲ್ಲದ ಹಿಂಭಾಗ ಬೆನ್ನಿಗೆ. ದಿನಕ್ಕೆ ಹತ್ತು ನಿಮಿಷ, ಅವನು ಸಾಕು ಅನ್ನುವುದಕ್ಕೆ ಮೊದಲು ನೀವೇ ನಿಲ್ಲಿಸಿ. ಇವತ್ತು ಎರಡು ಕಾಲು, ನಾಳೆ ಇನ್ನೆರಡು. ಅರ್ಧ ಕತ್ತರಿಸಿದ ನಾಯಿ ಎರಡು ದಿನ ತಮಾಷೆಯಾಗಿ ಕಾಣುತ್ತದೆ, ಲಿಫ್ಟಿನಲ್ಲಿ ಪಕ್ಕದ ಮನೆಯವರು ಏನಾಯ್ತು ಅಂತ ಕೇಳುತ್ತಾರೆ, ಕೇಳಲಿ ಬಿಡಿ.

ಎಷ್ಟು ಉದ್ದ ಬಿಡಬೇಕು ಅನ್ನುವುದು ನಿಮ್ಮ ಪುರುಸೊತ್ತಿನ ಮೇಲೆ. ದಿನಾ ಇಪ್ಪತ್ತು ನಿಮಿಷ ಇದ್ದರೆ ಮೂರು ಸೆಂಟಿಮೀಟರ್ ಬಿಡಿ. ವಾರಕ್ಕೆ ಎರಡು ಸಲ ಮಾತ್ರ ಆಗುತ್ತದೆ ಅಂದರೆ ಒಂದು ಸೆಂಟಿಮೀಟರ್‌ಗೆ ಇಳಿಸಿ, ನಾಚಿಕೆ ಬೇಡ. ಪೂಡಲ್ ಮೂಲತಃ ನೀರಿಗೆ ಹಾರಿ ಬೇಟೆಯ ಬಾತುಕೋಳಿ ತರುತ್ತಿದ್ದ ನಾಯಿ, ಆ ಹೆಸರೇ ನೀರಲ್ಲಿ ಪಚಪಚ ಅನ್ನುವ ಅರ್ಥದ ಜರ್ಮನ್ ಪದದಿಂದ ಬಂದದ್ದು. ಈಜೋಕೆ ಭಾರ ಆಗಬಾರದು ಅಂತಲೇ ಆಗಿನವರು ಹಿಂಭಾಗ ಬೋಳಿಸಿ, ಚಳಿಗೆ ಎದೆ ಮತ್ತು ಕೀಲುಗಳ ಮೇಲೆ ಮಾತ್ರ ಕೂದಲು ಬಿಡುತ್ತಿದ್ದರು. ಈಗ ಶೋಗಳಲ್ಲಿ ಕಾಣುವ ಆ ಸಿಂಹದ ಅಲಂಕಾರ ಒಂದು ಕಾಲಕ್ಕೆ ಕೆಲಸದ ಬಟ್ಟೆ. ಗಿಡ್ಡ ಕೂದಲು ಪೂಡಲ್‌ಗೆ ಅವಮಾನ ಏನಲ್ಲ. ಇದನ್ನು ಓದಿ ಪಕ್ಕದ ಮನೆಯ ಹಸ್ಕಿಗೆ ಕ್ಲಿಪ್ಪರ್ ಹಾಕಬೇಡಿ ಮತ್ತೆ, ಅದರ ಎರಡು ಪದರದ ಕೂದಲಿನ ಕಥೆಯೇ ಬೇರೆ. ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್ ಅನ್ನುವ ಪೂಡಲ್ ಮಿಶ್ರತಳಿ ಸಾಕಿದವರಿಗೆ ಕೆಲಸ ಇನ್ನೂ ಜಾಸ್ತಿ, ಎಷ್ಟೋ ಸಲ ಒಳಪದರ ಒಂದು ಕಡೆಯಿಂದ, ಗುಂಗುರು ಇನ್ನೊಂದು ಕಡೆಯಿಂದ ಬಂದಿರುತ್ತದೆ.

ನಾಯಿ ಕಚ್ಚೋಕೆ ಬರುತ್ತಿದ್ದರೆ, ಮೈಯೆಲ್ಲ ಒಂದೇ ಕಂಬಳಿ ಆಗಿದ್ದರೆ, ವಯಸ್ಸಾಗಿ ಹೃದಯದ ತೊಂದರೆ ಇದ್ದರೆ ಮನೆಯಲ್ಲಿ ಬೇಡ. ಮೆಡಿಕಲ್ ಶಾಪ್‌ನಿಂದ ಮನುಷ್ಯರ ನಿದ್ದೆ ಮಾತ್ರೆ ತಂದು ಕೊಟ್ಟು ಕತ್ತರಿಸೋಕೆ ಕೂತವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮಂಪರು ಬೇಕೇ ಬೇಕು ಅಂದರೆ ಅದು ವೆಟ್ ಕೈಯಲ್ಲಿ, ಕ್ಲಿನಿಕ್ಕಿನಲ್ಲಿ.

ಉಳಿದಂತೆ, ಎಲ್ಲಾ ಮನೆಯಲ್ಲೇ ಅಂತ ಹಟ ಬೇಡ ಅಂತ ಯಜಮಾನರಿಗೆ ಹೇಳಿ. ಬಾಚುವುದು, ಸ್ನಾನ, ಪಾದ, ಉಗುರು ನಿಮ್ಮದು. ಮೂರು ತಿಂಗಳಿಗೊಮ್ಮೆ ಮುಖ ಮತ್ತು ಆಕಾರಕ್ಕೆ ಗ್ರೂಮರ್. ಬಿಡುವ ಮೊದಲು ಅಲ್ಲೇ ನಿಂತು ಅವರ ಮುಂದೆಯೇ ಬಾಚಣಿಗೆ ಒಂದು ಸಲ ಓಡಿಸಿ ತೋರಿಸಿ, ಯಾವ ನಂಬರ್ ಬ್ಲೇಡ್ ಹಾಕುತ್ತೀರಿ ಅಂತ ಕೇಳಿ, ಗಿಡ್ಡ ಮಾಡುವುದಾದರೆ ಮೊದಲು ನನಗೆ ಫೋನ್ ಮಾಡಿ ಅಂತ ನಂಬರ್ ಬರೆದುಕೊಟ್ಟು ಬನ್ನಿ.